ಒಲೆ, ಪಂಪು ಮತ್ತು ಒಂದೇ ವಿಳಾಸ

ಫೆಬ್ರವರಿ 3, ಮಂಗಳವಾರ

ಬೆಳಿಗ್ಗೆ ಮೆಟ್ಟಿಲ ಮೇಲಿನ ಹಿಮ ಗುಡಿಸಿದೆ. ಕಾಫಿ ಕುದಿಯುವಷ್ಟರಲ್ಲಿ ಮತ್ತೆ ಮೊದಲಿನಂತೆ. ಐನರ್ ಬಂದ. ಎರಡು ಕಪ್ ಕುಡಿದ, ಏಲಕ್ಕಿ ಬ್ರೆಡ್ಡಿನ ತುದಿ ಮುರಿದುಕೊಂಡ, ಸರೋವರದ ಕಡೆಯಿಂದ ಗಾಳಿ ಎದ್ದಿದೆ ಎಂದ, ಹಿತ್ತಲಿಗೆ ಹೋದ. ಕಟ್ಟಿಕೊಂಡ ಗಂಡ ನೆಂಟನ ಹಾಗೆ ಕಾಫಿ ಕುಡಿದು ಹೋಗುವುದು ಈಗ ರೂಢಿಯಾಗಿದೆ.

ತೆರಿಗೆ ಕೆಲಸಕ್ಕೆ ಕೂತೆ. ಪ್ರತಿವರ್ಷ ಇಬ್ಬರದೂ ಸೇರಿಸಿ ನಾನೇ ಮಾಡುವುದು. ಅಂಚೆ ಕಚೇರಿಯ ಕಿಟಕಿಯಲ್ಲಿ ಜನ್ಮ ಕಳೆದವಳಿಗೆ ಖಾನೆ ತುಂಬುವುದೇನು ಕಷ್ಟ. ನನ್ನ ಪಿಂಚಣಿ, ಅವನ ಪಿಂಚಣಿ, ಬ್ಯಾಂಕಿನ ಬಡ್ಡಿ — ಸರಸರ ಮುಗಿಯಿತು. ಆಮೇಲೆ ಸಾಫ್ಟ್‌ವೇರ್ ಕೇಳಿತು: "ಮನೆಯಲ್ಲಿ ಇಂಧನ ಉಳಿಸುವ ಸುಧಾರಣೆ ಏನಾದರೂ ಮಾಡಿಸಿದ್ದೀರಾ?" ಹೌದು. ಕರೆಂಟಿನಲ್ಲಿ ಮನೆ ಬೆಚ್ಚಗಿಡುವ ಹೀಟ್ ಪಂಪ್, ನವೆಂಬರಿನಲ್ಲಿ. ಮೂಲೆಯಲ್ಲಿ ವಾಪಸ್ ಬರುವ ಹಣದ ಅಂಕಿ ಎರಡು ಸಾವಿರ ಡಾಲರ್ ಮೇಲಕ್ಕೆ ಜಿಗಿದು ಹಸಿರಾಯಿತು.

ಆಮೇಲೆ ತಯಾರಕರ ಕೋಡ್ ಕೇಳಿತು. ಪಂಪ್ ಹಾಕಿದ ಹುಡುಗರು ಕೊಟ್ಟ ಚೀಟಿಯಲ್ಲಿದ್ದುದನ್ನು ಹಾಕಿದೆ. "ಈ ಕೋಡ್ ಗುರುತಿಸಲಾಗುತ್ತಿಲ್ಲ." ಮತ್ತೆ ಹಾಕಿದೆ. ಅದೇ ಉತ್ತರ. ಮೂಲೆಯ ಅಂಕಿ ಬೂದು ಬಣ್ಣಕ್ಕೆ ತಿರುಗಿ ಕೆಳಗೆ ಬಿತ್ತು. ಕೊಟ್ಟು ಕಿತ್ತುಕೊಳ್ಳುವವರನ್ನು ಕಂಡರೆ ನನಗಾಗದು. ಮುಚ್ಚಿಟ್ಟೆ.

ಫೆಬ್ರವರಿ 5, ಗುರುವಾರ

ಪಂಪ್ ವಿಷಯ ಬಂದ ಮೇಲೆ ಅದನ್ನೂ ಬರೆದುಬಿಡುತ್ತೇನೆ. ಯಾರಿಗೂ ಹೇಳಿಲ್ಲ... ಇಲ್ಲಾದರೂ ಇರಲಿ.

ನವೆಂಬರಿನಲ್ಲಿ ಐನರ್ ಜಿಂಕೆ ಬೇಟೆಯ ಕ್ಯಾಂಪಿಗೆ ಹೋದ. ಎಂದಿನಂತೆ ತಮ್ಮನ ಜೊತೆ, ಎರಡು ವಾರ. ನಮ್ಮ ಕಡೆ ಹೆಂಗಸರು ಏನು ಮಾಡಿಸಬೇಕಾದರೂ ಆ ಎರಡು ವಾರದಲ್ಲೇ. ಹೊಸ ಸೋಫಾ, ಅಡುಗೆಮನೆಯ ಬಣ್ಣ, ನಾಯಿಮರಿ — ಎಲ್ಲ ಆಗಲೇ ಬರುವುದು. ಗಂಡಸರು ವಾಪಸ್ ಬಂದು ಒಂದು ದಿನ ಗೊಣಗುತ್ತಾರೆ, ಮರೆಯುತ್ತಾರೆ. ನಾನು ನೆಲಮಾಳಿಗೆಯಲ್ಲಿ ಮನೆ ಕಾಯಿಸುತ್ತಿದ್ದ ಸೌದೆ ಫರ್ನೇಸ್ ಕೀಳಿಸಿ ಹೀಟ್ ಪಂಪ್ ಹಾಕಿಸಿದೆ.

ಹುಚ್ಚಿಗೆ ಮಾಡಿದ್ದಲ್ಲ. ಹಿಂದಿನ ಚಳಿಗಾಲದಲ್ಲಿ ಅವನು ಸೌದೆ ರಾಶಿಯ ಪಕ್ಕ ಹಿಮದಲ್ಲಿ ಮುಖ ಅಡಿಯಾಗಿ ಬಿದ್ದಿದ್ದ. ಕಂಡವಳು ನಾನು. ಎದೆಗೆ ಸ್ಟೆಂಟ್ ಹಾಕಿದರು. ಡಾಕ್ಟರು ಕೊಡಲಿ ಮುಟ್ಟಬೇಡ ಎಂದರು. ಮನೆಗೆ ಬಂದ ವಾರದಲ್ಲೇ ಮುಟ್ಟಿದ.

ಕ್ಯಾಂಪಿನಿಂದ ಬಂದವನು ಬೂಟು ಬಿಚ್ಚುವ ಮೊದಲೇ ಬೆಂಕಿ ನೋಡಲು ಕೆಳಗಿಳಿದ. ಮೇಲೆ ಬಂದು "ಸೌನಾ ಕಾಯಿಸ್ತೀನಿ" ಎಂದಷ್ಟೇ ಹೇಳಿ ಹಿತ್ತಲಿನ ಹಬೆಸ್ನಾನದ ಮನೆಗೆ ಹೋದ. ಮಲಗಲು ವಾಪಸ್ ಬರಲಿಲ್ಲ. ಸೌನಾದ ಮುಂದೆ ಬಟ್ಟೆ ಬಿಚ್ಚುವ ಕೋಣೆಯಲ್ಲಿ ಒಂದು ಮಂಚವಿದೆ. ಸ್ನಾನಕ್ಕೂ ಆ ಕೋಣೆಗೂ ಸೇರಿ ಶಾಖ ಕೊಡುವ ಹೊಸ ಸೌನಾ ಒಲೆ ತಂದುಕೊಂಡ. ಸೀಳಿದ ಸೌದೆಯನ್ನೇ ತರಿಸುತ್ತಾನೆ, ಅಷ್ಟು ಬುದ್ಧಿ ಬಂದಿದೆ.

ಊರಿಗೆ ಗೊತ್ತಿಲ್ಲ. ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಬಿಟ್ಟುಹೋದನೋ, ಮುನಿಸಿಕೊಂಡು ಕೂತಿದ್ದಾನೋ, ನನಗೇ ತಿಳಿಯದು. ವಾಪಸ್ ಬರುತ್ತೀಯಾ ಎಂದು ಕೇಳಲು ಭಯ. ಬರುವುದಿಲ್ಲ ಎಂದುಬಿಟ್ಟರೆ?

ಫೆಬ್ರವರಿ 7, ಶನಿವಾರ

ಕಾಫಿಗೆ ಬಂದವನು ಜೇಬಿನಿಂದ ಮಡಿಸಿದ ರಸೀದಿ ತೆಗೆದು ಮೇಜಿನ ಮೇಲಿಟ್ಟ.

"ಇದನ್ನೂ ಹಾಕು."

"ಏನಿದು?"

"ನನ್ನ ಒಲೆ. ಸೌದೆ ಒಲೆಗೂ ರಿಯಾಯಿತಿ ಇದೆಯಂತೆ. ರೇಡಿಯೋದಲ್ಲಿ ಹೇಳಿದ್ರು."

"ಮನೆ ಒಲೆಗೆ ಇರಬಹುದು. ಇದು ಸೌನಾದ್ದು ಕಣೋ."

"ನಾನು ಮಲಗೋದು ಎಲ್ಲಿ?" ಎಂದ. ಕೇಳಿದ ದನಿಯಲ್ಲಿ ಜಗಳವೇನೂ ಇರಲಿಲ್ಲ. ಕಪ್ ತೊಳೆದಿಟ್ಟು ಹೋದ.

ಹಾಕಿದೆ. "ಈ ಒಲೆ ನಿಮ್ಮ ಮುಖ್ಯ ಮನೆಯಲ್ಲಿದೆಯೇ?" ಹೌದು ಒತ್ತಿದರೆ, "ಈ ವಿಳಾಸಕ್ಕೆ ಈಗಾಗಲೇ ಒಂದು ತಾಪನ ವ್ಯವಸ್ಥೆ ನಮೂದಾಗಿದೆ" ಎಂದು ಕೆಂಪು ಗೆರೆ ಎಳೆದು ಹಿಂದಿನ ಪುಟಕ್ಕೆ ತಳ್ಳಿತು. ಇಲ್ಲ ಒತ್ತಿದೆ. ಒಲೆಯ ಜೊತೆ ಪಂಪೂ ಹೋಯಿತು, ಇಡೀ ಪುಟ ಸೊನ್ನೆ. ಒಲೆ, ಪಂಪು ಎರಡಕ್ಕೂ ಸೇರಿ ಒಂದೇ ಉತ್ತರವಂತೆ. ಹೌದು, ಇಲ್ಲ, ಹೌದು, ಇಲ್ಲ... ಮೂಲೆಯ ಅಂಕಿ ಏರಿತು, ಇಳಿಯಿತು. ತಲೆ ಚಿಟ್ಟು ಹಿಡಿಯಿತು.

ಮಧ್ಯಾಹ್ನ ಸೌನಾದ ಚಿಮಣಿಯಲ್ಲಿ ಹೊಗೆ. ಶನಿವಾರವಲ್ಲವೇ. ಮದುವೆಯಾದಾಗಿನಿಂದ ಶನಿವಾರ ಇಬ್ಬರೂ ಒಟ್ಟಿಗೆ ಮೇಲಿನ ಹಲಗೆಯಲ್ಲಿ ಕೂತು, ಕಾದ ಕಲ್ಲಿಗೆ ನೀರೆರಚಿ ಬೆವರಿದವರು. ಮಗಳು ಹೈಡಿ ಹುಟ್ಟುವ ಹಿಂದಿನ ದಿನವೂ ಬಿಟ್ಟಿರಲಿಲ್ಲ. ಈಗ ನಾನು ಬಚ್ಚಲಲ್ಲಿ ಶವರ್ ಕೆಳಗೆ ನಿಲ್ಲುತ್ತೇನೆ. ಮೈ ಸ್ವಚ್ಛವಾಗುತ್ತದೆ. ಬೇರೇನೂ ಆಗುವುದಿಲ್ಲ.

ಫೆಬ್ರವರಿ 11, ಬುಧವಾರ

ಸಾಫ್ಟ್‌ವೇರಿನವರ ಸಹಾಯವಾಣಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿ ಕೇಳಿಸಿ ಕೊನೆಗೊಂದು ಹುಡುಗಿ ಸಿಕ್ಕಳು. ಒಳ್ಳೆಯ ಹುಡುಗಿ.

"ಆ ಒಲೆ ಡಿಲೀಟ್ ಮಾಡ್ಬಿಡಿ ಮೇಡಂ, ಎಲ್ಲಾ ಸರಿ ಹೋಗುತ್ತೆ."

"ಅದು ನನ್ನ ಗಂಡನ ಒಲೆ."

"ಅವರನ್ನೇ ಒಂದು ಮಾತು ಕೇಳ್ಬಿಡಿ ಮೇಡಂ. ಎಲ್ಲಿದ್ದಾರೆ?"

"ಸೌನಾದಲ್ಲಿ."

"ಪರವಾಗಿಲ್ಲ, ನಾನು ಲೈನಲ್ಲೇ ಇರ್ತೀನಿ. ಎಷ್ಟು ಹೊತ್ತಿಗೆ ಹೊರಗೆ ಬರ್ತಾರೆ?"

"ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಬಂದಿಲ್ಲಮ್ಮ."

ಆ ಕಡೆ ಏನೋ ಟೈಪ್ ಮಾಡಿದ ಸದ್ದು. ಆಮೇಲೆ ತಮ್ಮ ಮೇಲಿನವರಿಗೆ ತಿಳಿಸುತ್ತೇನೆ ಎಂದಳು. ಪಾಪ, ಏನೆಂದು ತಿಳಿಸುತ್ತಾಳೋ. ಫೋನಿಟ್ಟ ಮೇಲೆ ನಕ್ಕೆ. ಈ ಮನೆಯಲ್ಲಿ ಒಬ್ಬಳೇ ನಕ್ಕರೆ ಸದ್ದು ಜಾಸ್ತಿ ಕೇಳಿಸುತ್ತದೆ. ಪಂಪ್ ಅಷ್ಟು ಮೆತ್ತಗೆ ಓಡುತ್ತದೆ.

ಫೆಬ್ರವರಿ 17, ಮಂಗಳವಾರ

ಲೈಬ್ರರಿಗೆ ಹೋದೆ. ಮಂಗಳವಾರ ಅಲ್ಲಿ ಲೈಲ್ ಕೂರುತ್ತಾರೆ, ಪುಕ್ಕಟೆ ತೆರಿಗೆ ಸಲಹೆ. ಹೈಡಿಗೆ ಶಾಲೆಯಲ್ಲಿ ಗಣಿತ ಹೇಳಿದವರು. ಹಲ್ಲು ಕಟ್ಟಿಸಿಕೊಂಡಾಗಿನಿಂದ ಮಾತು ಇನ್ನೂ ಹೆಚ್ಚಾಗಿದೆ.

"ಸೌನಾ ಒಲೇನಾ!" ಎಂದು ಲೈಬ್ರರಿಗೆಲ್ಲ ಕೇಳುವ ಹಾಗೆ ನಕ್ಕರು. "ಈ ವರ್ಷ ನೀವು ನಾಲ್ಕನೆಯವರು ಮಾರ್ಲಿಸ್. ಫಿನ್ಲೆಂಡ್ ಮೂಲದ ನಿಮ್ಮ ಜನಕ್ಕೆ ಸೌನಾ ಬಿಟ್ಟು ಮನೆ ಇಲ್ಲ ಅಂತ ವಾಷಿಂಗ್ಟನ್‌ನೋರಿಗೆ ಯಾರು ಹೇಳ್ಬೇಕು? ಅದು ಸಿಗಲ್ಲ. ಸ್ನಾನದ ಒಲೆ ಮನೆ ಕಾಯಿಸೋ ಒಲೆ ಅಲ್ಲ."

"ಅಲ್ಲಿ ಯಾರಾದ್ರೂ ವಾಸ ಇದ್ರೆ?"

ಕನ್ನಡಕದ ಮೇಲಿಂದ ನೋಡಿದರು. ನಾನು ಕೈಚೀಲದ ಜಿಪ್ ಎಳೆದೆ.

"ಇದ್ರೂ ಪ್ರಯೋಜನ ಇಲ್ಲ" ಎಂದರು, ದನಿ ಇಳಿಸಿ. "ಪಂಪಿಗೂ ಒಲೆಗೂ ಸೇರಿ ಒಂದೇ ಮಿತಿ. ನಿಮ್ಮ ಪಂಪೇ ಅದನ್ನ ಪೂರ್ತಿ ತಿಂದುಹಾಕಿದೆ. ಒಲೆ ಹಾಕಿದ್ರೂ ಒಂದು ಕಾಸು ಹೆಚ್ಚು ಬರಲ್ಲ. ತೆಗೆದುಹಾಕಿ. ಇನ್ನು ಆ ಕೋಡು — ಚೀಟೀಲಿರೋದು ತಪ್ಪಿರಬಹುದು, ಮನೆ ಹೊರಗಿರೋ ಪಂಪಿನ ಯೂನಿಟ್ ಮೇಲೆ ಕಂಪನಿ ಲೇಬಲ್ ಪಟ್ಟಿ ಇರುತ್ತೆ, ಅದರಲ್ಲಿ ನೋಡಿ. ಮತ್ತೆ ಇಬ್ಬರ ಸಹಿನೂ ಬೇಕು, ಮರೀಬೇಡಿ. ಈ ರಿಯಾಯಿತಿಗೆ ಇದೇ ಕೊನೇ ವರ್ಷ."

"ಒಬ್ಬರು ಸಹಿ ಹಾಕಲ್ಲ ಅಂದ್ರೆ?"

"ಬೇರೆ ಬೇರೆ ಸಲ್ಲಿಸಬೇಕು" ಎಂದರು. ಐನರ್ ಆರೋಗ್ಯ ಹೇಗಿದೆ ಎಂದು ಕೇಳಿದರು. ಚೆನ್ನಾಗಿದ್ದಾನೆ ಎಂದೆ.

ಹೊರಗಿನ ಯೂನಿಟ್ ಉತ್ತರದ ಗೋಡೆಗಿದೆ. ಛಾವಣಿಯಿಂದ ಜಾರಿದ ಹಿಮ ಸೊಂಟದೆತ್ತರ ಬಿದ್ದಿದೆ. ನನ್ನ ಮಂಡಿಗೆ ಆಗದ ಕೆಲಸ.

ಫೆಬ್ರವರಿ 18, ಬುಧವಾರ

ಹೇಳಿದೆ. ಸೌನಾ ಒಲೆಗೆ ರಿಯಾಯಿತಿ ಸಿಗುವುದೇ ಇಲ್ಲ ಎಂಬುದನ್ನು ಐನರ್‌ಗೆ ಹೇಳದೆ ನುಂಗಿಕೊಂಡೆ. ಹಾಕಿದರೂ ಹಣ ಹೆಚ್ಚು ಬರುವುದಿಲ್ಲ ಎಂಬುದನ್ನಷ್ಟೇ ಹೇಳಿದೆ.

"ದುಡ್ಡಿಗಲ್ಲ ಕಣೇ ನಾನು ಹೇಳಿದ್ದು."

"ಮತ್ಯಾಕೆ?"

"ನೀನು ತಂದ ಡಬ್ಬ ಮನೆ ಸುಧಾರಣೆ. ಇಷ್ಟು ವರ್ಷ ಬೆಂಕಿ ಹಾಕಿದ್ದು ಏನು, ಮನೆ ಹಾಳುಮಾಡೋದಾ?"

"ಯಾರು ಹಾಗಂದ್ರು?"

"ಅದರಲ್ಲಿ ಬರೆದಿದೆಯಲ್ಲ. ಹಳೇ ವ್ಯವಸ್ಥೆ ತೆಗೆದುಹಾಕಿದ್ದೀರಾ ಅಂತ ಕೇಳಿತ್ತು, ನೀನು ಹೌದು ಅಂತ ಒತ್ತಿದ್ದೀಯ. ಮೇಜಿನ ಮೇಲೆ ತೆರೆದಿಟ್ಟಿದ್ದೆಯಲ್ಲ, ನಾನು ನೋಡಿದೆ."

ಕೇಳಿತ್ತು, ಒತ್ತಿದ್ದೆ.

"ನನ್ನ ಒಲೆ ಇಲ್ದೇ ಇದ್ರೆ ನಾನು ಸಹಿ ಹಾಕಲ್ಲ" ಎಂದ.

"ಹಾಗಾದ್ರೆ ಬೇರೆ ಬೇರೆ ಕೊಡಬೇಕಾಗುತ್ತೆ ಐನರ್."

"ಕೊಡು."

ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದ. ದಡಾರೆಂದು ಹಾಕಿದ್ದರೆ ಚೆನ್ನಾಗಿತ್ತು. ಬರೆಯಬಾರದು ಎಂದುಕೊಂಡಿದ್ದೆ, ಆದರೂ... ಬಹಳ ನೋವಾಯಿತು.

ಮಾರ್ಚ್ 8, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಹಿಮ, ಕಾಫಿ, ಹಿಮ. ಅವನು ಕಾಫಿಗೆ ಬರುವುದು ನಿಲ್ಲಿಸಲಿಲ್ಲ. ಮಾತು ನಿಲ್ಲಿಸಿದ.

ಒಂದು ದಿನ ಸಾಫ್ಟ್‌ವೇರಿನಲ್ಲಿ 'ವಿವಾಹಿತರು, ಪ್ರತ್ಯೇಕ' ಎಂಬುದನ್ನು ಒತ್ತಿ ನೋಡಿದ್ದೆ, ಸುಮ್ಮನೆ. "ವರ್ಷದ ಕೊನೆಯ ಆರು ತಿಂಗಳು ನೀವು ಸಂಗಾತಿಯಿಂದ ದೂರವಿದ್ದಿರಾ?" ಇಲ್ಲ. ಮೂಲೆಯ ಅಂಕಿ ಇನ್ನೂ ಕೆಳಗಿಳಿಯಿತು. ದೂರವಿದ್ದೇವೆ ಎನ್ನಿಸಿಕೊಳ್ಳಲೂ ನಮಗೆ ಅರ್ಹತೆ ಸಾಲದು. ಹಿಂದಕ್ಕೆ ಬಂದೆ.

ಇವತ್ತು ಹೈಡಿ ಫೋನ್. ಗ್ರೀನ್ ಬೇ ಊರಿನಿಂದ ಭಾನುವಾರ ತಪ್ಪದೆ ಮಾಡುತ್ತಾಳೆ. ಮೊದಲಿಗೆ ಮಕ್ಕಳ ಶೀತ, ನೆಗಡಿ. ಆಮೇಲೆ—

"ಅಮ್ಮಾ, ಅಪ್ಪ ಸೌನಾದಲ್ಲಿ ಇದ್ದಾರಂತೆ?"

"ಯಾರು ಹೇಳಿದ್ದು?"

"ಅಪ್ಪನೇ. ಗುರುವಾರ ಫೋನ್ ಮಾಡಿದ್ರು. ಅಪ್ಪ ಫೋನ್ ಮಾಡೋದು ಅಂದ್ರೆ! ನಾನು ಯಾರೋ ಸತ್ರು ಅಂದ್ಕೊಂಡೆ. ತೆರಿಗೆ ಬೇರೆ ಬೇರೆ ಕೊಟ್ರೆ ಅದು ಡೈವೋರ್ಸಿಗೆ ಮೊದಲನೇ ಹೆಜ್ಜೇನಾ ಅಂತ ಕೇಳಿದ್ರು."

"ನೀನೇನಂದೆ?"

"ಅಲ್ಲ ಅಂದೆ. ಮೂರು ಸಲ ಕೇಳಿದ್ರಮ್ಮ. ನಿಮ್ಮಿಬ್ಬರಿಗೂ ಏನಾಗಿದೆ? ಒಂದು ಒಲೆಗೋಸ್ಕರ?"

ಒಲೆಗೋಸ್ಕರ ಅಲ್ಲ ಎಂದೆ. ಮತ್ತೆ ಯಾತಕ್ಕೆ ಎಂದು ಕೇಳಿದಳು. ಅಡುಗೆಮನೆಯಲ್ಲಿ ಏನೋ ಸೀಯುತ್ತಿದೆ ಎಂದು ಹೇಳಿ ಇಟ್ಟುಬಿಟ್ಟೆ. ಏನೂ ಸೀಯುತ್ತಿರಲಿಲ್ಲ.

ಅವನಿಗೂ ಭಯವಿದೆ ಎಂದಾಯಿತು. ಈ ವಿಷಯ ನನಗೆ ಹಿತವೆನಿಸಿತು. ಹಿತವೆನಿಸಬಾರದಿತ್ತೇನೋ.

ಮಾರ್ಚ್ 14, ಶನಿವಾರ, ಬೆಳಿಗ್ಗೆ

ಎದ್ದವಳೇ ಕಂಪ್ಯೂಟರ್ ತೆಗೆದೆ. ಮುಖ್ಯ ಮನೆಯ ಪ್ರಶ್ನೆಗೆ 'ಇಲ್ಲ' ಒತ್ತಿದೆ. ಒಲೆ ಹೋಯಿತು, ಪಂಪ್ ಹೋಯಿತು. ಇಡೀ ಪುಟ ಅಳಿಸಿದೆ. ಕೆಂಪು ಗೆರೆಗಳೆಲ್ಲ ಮಾಯ. ಒಂದೇ ಒಂದು ಎರರ್ ಇಲ್ಲ. "ಎಲ್ಲವೂ ಸರಿಯಾಗಿದೆ, ಅಭಿನಂದನೆಗಳು" ಎಂದಿತು.

ಅವನ ಒಲೆ ಇಲ್ಲವೆಂದಾದರೆ ನನ್ನ ಪಂಪೂ ಬೇಡ. ಸಹಿ ಹಾಕುತ್ತಾನೆ. ಒಟ್ಟಿಗೆ ಕೊಡುತ್ತೇವೆ. ಉಳಿದದ್ದು ಆಮೇಲೆ. ಕಾಫಿಗೆ ಬಂದಾಗ ಹೇಳುತ್ತೇನೆ.

ಅದೇ ದಿನ, ಮಧ್ಯಾಹ್ನ

ಹೇಳಿದೆ. ಅವನ ಕಪ್ ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು.

"ಎರಡನ್ನೂ?"

"ಎರಡನ್ನೂ."

"ಎರಡು ಸಾವಿರ ಡಾಲರ್!"

"ದುಡ್ಡಿಗಲ್ಲ ಅಂದಿದ್ದೆಯಲ್ಲ."

"ಅದು ನನ್ನ ಒಲೆ ವಿಷಯ! ಇದು ನಿನ್ನ ಪಂಪು! ಹುಚ್ಚು ಹಿಡಿದಿದೆಯೇನೇ ನಿನಗೆ? ಸರ್ಕಾರ ಕೊಡ್ತೀನಿ ಅಂದಿದ್ದನ್ನ ಬೇಡ ಅಂತಾರೇನೇ ಯಾರಾದ್ರೂ?" ಎದ್ದು ನಿಂತಿದ್ದ. ಕಿವಿಯೆಲ್ಲ ಕೆಂಪು. ಅವನು ಈ ಮನೆಯಲ್ಲಿ ಕೂಗಾಡಿ ಎಷ್ಟು ಕಾಲವಾಗಿತ್ತು. "ಯಾಕೆ ಅಳಿಸಿದೆ?"

"ಕೋಡ್ ತಗೊಳ್ತಿರಲಿಲ್ಲ. ಸರಿಯಾದ ಕೋಡು ಹೊರಗಿನ ಯೂನಿಟ್ ಮೇಲಿದೆಯಂತೆ. ಹಿಮ ಬಿದ್ದಿದೆ. ನನ್ನ ಮಂಡಿ..."

"ನನಗೆ ಹೇಳಕ್ಕೇನಾಗಿತ್ತು ಧಾಡಿ?"

ಟೋಪಿ ಎಳೆದುಕೊಂಡು ಹೊರಟ. ಸಲಿಕೆ ಹಿಡಿಯಬೇಡ ಎಂದು ಹಿಂದೆಯೇ ಕೂಗಿದೆ. "ಸಲಿಕೆ ಅಲ್ಲ, ಪೊರಕೆ!" ಎಂದು ಅಲ್ಲಿಂದಲೇ ಕೂಗಿದ.

ಬಚ್ಚಲ ಕಿಟಕಿಯಿಂದ ನೋಡಿದೆ. ಪೊರಕೆಯಿಂದ ಮೇಲಿನ ಹಿಮವನ್ನೆಲ್ಲ ತಳ್ಳಿದ. ನವೆಂಬರಿನಿಂದ ಆ ಗೋಡೆಯ ಕಡೆ ತಲೆ ಹಾಕದವನು. ಒಂದು ಕೈಗವಸು ಕಳಚಿ ಬರಿಗೈಯಲ್ಲಿ ಪಟ್ಟಿಯ ಮೇಲಿನ ಮಂಜನ್ನು ಉಜ್ಜಿದ. ಓದಿಕೊಂಡ. ಓದಿದ ಮೇಲೂ ನಿಂತೇ ಇದ್ದ. ಫ್ಯಾನಿನ ಮುಂದೆ ಕೈಯಿಟ್ಟು ನೋಡಿದ. ಹಿಂದಕ್ಕೆ ಬಗ್ಗಿ ಪೈಪನ್ನು ಮುಟ್ಟಿದ. ಆಮೇಲೆ ಸುತ್ತಲಿನ ಹಿಮವನ್ನೂ ಗುಡಿಸಿದ, ಗಾಳಿಯಾಡಲು ಜಾಗ ಬಿಟ್ಟು, ನೀಟಾಗಿ.

ಒಳಗೆ ಬಂದು ನನ್ನ ಪಕ್ಕದಲ್ಲೇ ಕುರ್ಚಿ ಎಳೆದು ಕೂತ. ಅಳಿಸಿದ ಪುಟ ಮತ್ತೆ ತೆರೆದೆ, ಅವನು ಕೋಡ್ ಹೇಳಿದ. ಹಾಕಿದೆ. ಮತ್ತೆ ಕೆಂಪು.

"ಬದ್ಮಾಶ್" ಎಂದ. "ಇನ್ನೊಂದು ಸಲ ಒತ್ತು. ಅಲ್ಲ, ಪೂರ್ತಿ ಮುಚ್ಚಿ ತೆಗಿ. ಹಳೇ ಟ್ರಾಕ್ಟರ್ ಥರ."

ಮುಚ್ಚಿ ತೆಗೆದೆ. ಮೊದಲಿನಿಂದ ತುಂಬಿದೆ. ಕೋಡ್ ಹಿಡಿಯಿತು. ಅಂಕಿ ಮೇಲೆ ಹೋಗಿ ಹಸಿರಾಯಿತು. ಅವನು ಮೇಜು ಕುಟ್ಟಿದ.

"ನಿನ್ನ ಒಲೆ?" ಎಂದು ಕೇಳಿದೆ.

"ಬಿಡು. ಸೌನಾ ಒಲೆಗೆ ಕೊಡಲ್ಲ ಅಂತ ಅಂಗಡಿಯವನೇ ಹೇಳಿದ್ದ."

"ಗೊತ್ತಿದ್ದೂ?"

ಕಪ್ಪಿನಲ್ಲಿದ್ದ ತಣ್ಣನೆಯ ಕಾಫಿ ನೋಡುತ್ತಾ ಕೂತ. "ನನ್ನ ಕೇಳಬಹುದಿತ್ತು ಮಾರ್ಲಿಸ್, ನವೆಂಬರಲ್ಲಿ."

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಬೇಡ ಅಂತಿದ್ದೆ. ಆದ್ರೂ ಕೇಳಬೇಕಿತ್ತು."

"ಹಿಮದಲ್ಲಿ ಮಗುಚಿ ಬಿದ್ದಿದ್ದೋನನ್ನ ಎಳ್ಕೊಂಡು ಬಂದಿದ್ದು ನಾನು. ನೀನಲ್ಲ. ನಿನಗೆ ಅದು ನೆನಪಿಲ್ಲ. ನನಗೆ ದಿನಾ ನೆನಪಾಗುತ್ತೆ. ನೀನು ಕೆಳಗಿಳಿದು ಬೆಂಕಿ ಹಾಕೋ ಸದ್ದು ಕೇಳ್ತಾ ಮಲಗ್ತಿದ್ದೆ. ಸದ್ದು ನಿಂತ್ರೆ ಎದ್ದು ಕೂರ್ತಿದ್ದೆ."

ಕೈಗವಸು ತೊಡದ ಅವನ ಕೈ ಇನ್ನೂ ಕೆಂಪಗಿತ್ತು. ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಸ್ಕ್ರೀನ್ ತಾನಾಗಿಯೇ ಮುಂದಿನ ಪ್ರಶ್ನೆಗೆ ಹೋಗಿತ್ತು. ಇಷ್ಟು ದಿನ ಕೋಡ್ ದಾಟದೆ ಇದ್ದುದರಿಂದ ನಾನು ಕಂಡಿರಲಿಲ್ಲ. "ನೀವು ಮತ್ತು ನಿಮ್ಮ ಸಂಗಾತಿ ಇಬ್ಬರಿಗೂ ಇದೇ ಮುಖ್ಯ ಮನೆಯೇ?" ಇಬ್ಬರೂ ಓದಿದೆವು. ಅವನು ಕೈ ತೆಗೆದುಕೊಂಡ.

"ಸೌನಾಕ್ಕೆ ಬೆಂಕಿ ಹಾಕ್ಬೇಕು" ಎಂದು ಎದ್ದ. ಬಾಗಿಲಲ್ಲಿ ನಿಂತು, "ಬರ್ತೀಯಾ?" ಎಂದ.

ಹೋದೆ. ಮೇಲಿನ ಹಲಗೆಗೆ ಹತ್ತಲು ಮಂಡಿ ಬಿಡಲಿಲ್ಲ, ಕೆಳಗಿನದರಲ್ಲೇ ಕೂತೆ. ಅವನೂ ಕೆಳಗಿಳಿದು ಕೂತ. ಕಾದ ಕಲ್ಲಿಗೆ ನೀರೆರಚಿದ. ಸೌನಾದಲ್ಲಿ ನಾವು ಯಾವತ್ತೂ ಮಾತಾಡಿದವರಲ್ಲ. ಒಬ್ಬಳೇ ಮನೆಗೆ ವಾಪಸ್ ಬಂದೆ.

ಮಾರ್ಚ್ 15, ಭಾನುವಾರ

ಚರ್ಚು. ಒಂದೇ ಬೆಂಚು. ಲೈಲ್ ಎದುರಾಗಿ "ತೆರಿಗೆ ಆಯ್ತಾ?" ಎಂದರು. "ಒಂದು ಪ್ರಶ್ನೆ ಉಳಿದಿದೆ" ಎಂದ ಐನರ್. ಅವನ ಪರವಾಗಿ ಆ ಉತ್ತರ ಒತ್ತುವವಳಲ್ಲ ನಾನು, ಈ ಸಲ. ಸಂಜೆ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಮಾಡಿದೆ. ಎರಡು ಅವನ ಬಾಗಿಲಿಗೆ ಕೊಟ್ಟು ಬಂದೆ.

ಮಾರ್ಚ್ 16, ಸೋಮವಾರ

ಬೆಳಿಗ್ಗೆ ಕಾಫಿಗೆ ಬರಲಿಲ್ಲ. ಕಾಫಿ ಎರಡು ಸಲ ಬಿಸಿ ಮಾಡಿದೆ. ಹತ್ತರ ಹೊತ್ತಿಗೆ ಬಂದ. ಗಡ್ಡ ಹೆರೆದಿದ್ದ. ಕೂರಲಿಲ್ಲ. "ತೆಗಿ ಅದನ್ನ" ಎಂದ.

ತೆಗೆದೆ. ಅದೇ ಪ್ರಶ್ನೆ. ನನ್ನ ಭುಜದ ಮೇಲಿಂದ ಬಗ್ಗಿ, ಒಂದು ಬೆರಳಿನಿಂದ, ಹಳೆಯ ಟೈಪ್‌ರೈಟರ್ ಕುಟ್ಟುವ ಹಾಗೆ 'ಹೌದು' ಒತ್ತಿದ. ಮುಂದಿನ ಪುಟದಲ್ಲಿ ಸಹಿಗೆ ಬದಲಾಗಿ ಹೊಡೆಯುವ ತನ್ನ ಅಂಕಿಗಳನ್ನೂ ತಾನೇ ಹೊಡೆದ.

"ನಿಜಾನಾ ಅದು?" ಎಂದೆ.

"ತೆರಿಗೆಯವರಿಗೆ ಯಾವತ್ತಾದ್ರೂ ಸುಳ್ಳು ಹೇಳಿದೀನಾ ನಾನು?"

ಅಷ್ಟೇ ಹೇಳಿ ಬೂಟು ಮೆಟ್ಟಿಕೊಂಡು ಹೊರಟುಹೋದ. ನನ್ನ ಸಹಿ ಹಾಕಿದೆ. ಕಳಿಸಿದೆ. "ಸ್ವೀಕರಿಸಲಾಗಿದೆ" ಎಂದು ಬಂತು. ಅದನ್ನು ಕಟ್ಟಿಕೊಂಡು ಏನು ಮಾಡಲಿ ಎಂದು ಇದನ್ನು ಬರೆಯಲು ಕೂತೆ. ಅವನು ಹೋಗಿ ಬಹಳ ಹೊತ್ತಾಯಿತು. ಕಿಟಕಿಯ ಕಡೆ ನೋಡಬಾರದು ಎಂದು ಬರೆಯುತ್ತಲೇ ಇದ್ದೇನೆ...

ನೋಡಿದೆ. ಬರುತ್ತಿದ್ದಾನೆ. ಹಿಮದಲ್ಲಿ ಎಳೆಯುವ ಹೈಡಿಯ ಹಳೆಯ ಕೆಂಪು ಸ್ಲೆಡ್ಡಿನ ಮೇಲೆ ಹಾಸಿಗೆ ಸುರುಳಿ, ರೇಡಿಯೋ, ಮೇಲೊಂದು ಲಾಂದ್ರ. ದಿಂಬನ್ನು ಗಲ್ಲದ ಕೆಳಗೆ ಒತ್ತಿಹಿಡಿದಿದ್ದಾನೆ. ಹಗ್ಗ ಎಳೆಯಬಾರದು ಅವನು, ಎದೆಗೆ— ಮೆಟ್ಟಿಲ ಹತ್ತಿರ ಬಂದ. ಕಾಲಿನಿಂದ ಬಾಗಿಲು ಒದೆಯುತ್ತಿದ್ದಾನೆ, ಕೈ ಎರಡೂ ತುಂಬಿವೆ, ಹೋಗಿ ತೆಗೆಯಬೇಕು—